ಓಲೆಯ ಮೇಲೆ ಮಹಾಮಾಯೂರಿ ನಿಂತಳು

ಬೌದ್ಧರ ದೇವಿ ಮಹಾಮಾಯೂರಿಯ ಚಿತ್ರವನ್ನು ಓಲೆಯ ಮೇಲೆ ಬರೆದು ಹತ್ತು ತಿಂಗಳಾಯಿತು. ನಡುವೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಒಂದು ಚೂರು ಬಣ್ಣವೂ ಎದ್ದಿಲ್ಲ. "ಓಲೆ ಬಗ್ಗುತ್ತೆ, ಬಣ್ಣ ಬಗ್ಗಲ್ಲ. ಸುಮ್ನೆ ಕಾಗದದ ಮೇಲೆ ಮಾಡಪ್ಪ" ಅಂತ ಗುರುಗಳೇ ಹೇಳಿದ್ದರು. ಮೊನ್ನೆ ಅವರ ಕೈಗೇ ಕೊಟ್ಟೆ. ಎರಡು ಸಲ ಬಗ್ಗಿಸಿ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು. ನನಗೆ ಅಷ್ಟು ಸಾಕಾಯಿತು.

ನಾನು ಮೈಸೂರು ಶೈಲಿ ಕಲಿತವನು. ಪಂಚರಕ್ಷೆ ಎಂಬ ಬೌದ್ಧ ಗ್ರಂಥದ ಹುಚ್ಚು ಹತ್ತಿದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ಓಲೆಪ್ರತಿಯ ಫೋಟೊ ನೋಡಿದ ಮೇಲೆ. ಬಂಗಾಳ, ಬಿಹಾರ ಆಳಿದ ಪಾಲರ ದೊರೆ ನಯಪಾಲನ 14ನೇ ವರ್ಷದ್ದು, ಅಂದರೆ 11ನೇ ಶತಮಾನದ ಪ್ರತಿ. ಐದು ರಕ್ಷಾಮಂತ್ರಗಳು, ಒಂದೊಂದಕ್ಕೂ ಒಬ್ಬೊಬ್ಬ ದೇವಿ. ಮಾಯೂರಿ ಹಾವಿನ ವಿಷದಿಂದ ಕಾಯುವವಳು. ಸ್ವಾತಿ ಎಂಬ ಭಿಕ್ಷು ಸೌದೆ ಒಡೆಯುವಾಗ ಹಾವು ಕಚ್ಚಿತಂತೆ. ಅವನನ್ನು ಉಳಿಸಲು ಬುದ್ಧ ತನ್ನ ಶಿಷ್ಯ ಆನಂದನಿಗೆ ಹೇಳಿಕೊಟ್ಟ ಮಂತ್ರವೇ ಅವಳು. ಆ ಕಥೆ ಓದಿದ ದಿನವೇ ಮೊದಲು ಇವಳನ್ನೇ ಬರೆಯಬೇಕು ಅಂದುಕೊಂಡೆ.

ಮೊದಲು ಸಿಕ್ಕಿದ್ದು ಮಾಮೂಲಿ ತಾಳೆಗರಿ. ದಪ್ಪ, ಗಡಸು. ಕಂಟದಲ್ಲಿ, ಅಂದರೆ ಕಬ್ಬಿಣದ ಮೊನೆಯಲ್ಲಿ ಕೊರೆದು ಮಸಿ ತುಂಬೋಕೆ ಚೆನ್ನ. ಕುಂಚಕ್ಕೆ ಅದು ಒಗ್ಗಲೇ ಇಲ್ಲ. ನಲವತ್ತು ಗರಿಯಾದರೂ ಹಾಳಾಗಿರಬೇಕು. ಪಾಲರ ಓಲೆಗಳಲ್ಲಿ ಅಕ್ಷರವನ್ನೂ ಕೊರೆದಿಲ್ಲ, ಮಸಿಯಲ್ಲಿ ಬರೆದಿದ್ದಾರೆ. ಅದಕ್ಕೆ ಬೇಕಾದ್ದು ಶ್ರೀತಾಳೆ, ತೆಳ್ಳಗಿನ ಮೆತ್ತನೆ ಗರಿಯ ಇನ್ನೊಂದು ಜಾತಿಯ ತಾಳೆ. ನಮ್ಮ ಮೂಡುಬಿದಿರೆಯ ಜೈನರ ಧವಲಾ ಗ್ರಂಥಗಳೂ ಶ್ರೀತಾಳೆಯವೇ, ಅದರಲ್ಲೂ ಚಿತ್ರಗಳಿವೆ. ಉಡುಪಿ ಕಡೆಯ ಒಂದು ತೋಟದಲ್ಲಿ ಮರ ಸಿಕ್ಕಿತು. ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಮರ ಅದು. ಹೂ ಬಿಟ್ಟರೆ ಅಪಶಕುನ ಅಂತ ಕಡಿದು ಹಾಕುವವರೂ ಇದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ತೋಟದ ಯಜಮಾನರು ಗರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಮರ ಹತ್ತಿದವರ ಕೂಲಿ, ಬಸ್ಸು, ಊಟ ಸೇರಿ ಮೂರು ಸಾವಿರದ ಹತ್ತಿರ ಆಯಿತು.

ಎರಡನೇ ತಪ್ಪು ನನ್ನ ಕೈ ಅಭ್ಯಾಸದ್ದು. ಅಸ್ತರು, ಅಂದರೆ ಬಣ್ಣದ ಕೆಳಗಿನ ಬಿಳಿ ಲೇಪ, ಹಾಕದೆ ಬಣ್ಣ ಮುಟ್ಟಿದವನಲ್ಲ ನಾನು. ಓಲೆಗೂ ಸೀಮೆಸುಣ್ಣದ ಅಸ್ತರು ಬಳಿದೆ. ಮೂರನೇ ದಿನ ಕೆರೆಯ ಮಣ್ಣಿನ ಹಾಗೆ ಬಿರುಕು. ತೆಳ್ಳಗೆ ಬಳಿದೆ, ಅದೂ ಹೋಯಿತು. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದೆ. ಬಣ್ಣ ಎದ್ದುಹೋದ ಕಡೆ ಓಲೆಯ ಕಂದೇ ಕಾಣುತ್ತಿತ್ತು. ಅವತ್ತೇ ಅಸ್ತರು ಬಿಟ್ಟೆ. ಗರಿಯನ್ನು ಅರಿಸಿನ ಹಾಕಿ ಬೇಯಿಸಿ, ನೆರಳಲ್ಲಿ ಒಣಗಿಸಿ, ಕವಡೆಯಲ್ಲಿ ಉಜ್ಜಿ, ಬೇವಿನ ಅಂಟಿನ ತಿಳಿಯಲ್ಲಿ ಬಣ್ಣವನ್ನು ನೀರಿನಷ್ಟು ತೆಳ್ಳಗೆ ಐದಾರು ಸಲ ಎಳೆದೆ. ಬೇಯಿಸುವ ನೀರಿಗೆ ಅರಿಸಿನದ ಜೊತೆ ಇನ್ನೊಂದು ಹಾಕುತ್ತೇನೆ. ಅದನ್ನು ಈಗ ಹೇಳಲ್ಲ. ಅಂಟಿನ ಅಳತೆಯನ್ನೂ ಹೇಳಲ್ಲ.

ಹಸಿರಿಗೆ ಹರಿದಳ ಎಂಬ ಹಳದಿ ಖನಿಜ ಮತ್ತು ನೀಲಿ ಬೆರೆಸಿದೆ. ಒಂದು ಅಂಗಡಿಯವರು ಹರಿದಳ ಅಂತ ಬೇರೇನೋ ಹಳದಿ ಪುಡಿ ಕೊಟ್ಟರು, ಎರಡು ಸಾವಿರ ನೀರಿಗೆ ಹೋಯಿತು. ನಿಜವಾದದ್ದು ಅಭ್ರಕದ ಹಾಗೆ ಪದರ ಪದರ ಹೊಳೆಯುತ್ತದೆ. ಅದರಲ್ಲಿ ಆರ್ಸೆನಿಕ್ ಇದೆ. ಮಾಸ್ಕ್, ಕೈಗವಸು ಇಲ್ಲದೆ ಅರೆಯಬೇಡಿ, ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ದೇವತೆಗಳ ರೂಪ ಹೇಳುವ ಬೌದ್ಧ ಗ್ರಂಥ ಸಾಧನಮಾಲೆಯ ಪ್ರಕಾರ ಇವಳಿಗೆ ಮೂರು ಮುಖ. ನಡುವಿನದು ಹಸಿರು, ಬಲದ್ದು ಕಪ್ಪು, ಎಡದ್ದು ಬಿಳಿ. ಒಂದೊಂದು ಮುಖಕ್ಕೂ ಮೂರು ಕಣ್ಣು. ಆರು ಕೈ, ಬಲಗೈ ಒಂದರಲ್ಲಿ ನವಿಲುಗರಿ. ಇಷ್ಟೆಲ್ಲ ಆರು ಸೆಂಟಿಮೀಟರ್ ಎತ್ತರದ ಜಾಗದಲ್ಲಿ! ಮುಖ ಒಂದು ಕಡಲೆಕಾಳಿನಷ್ಟು. ಮೊದಲ ಸಲ ಬಿಳಿ ಮುಖಕ್ಕೆ ಸೀಸದ ಬಿಳಿ ಹಾಕಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಹರಿದಳ ತಾಗಿದ ಅಂಚು ಕಪ್ಪಾಯಿತು. ಎಡಮುಖವೂ ಬಲಮುಖದ ಬಣ್ಣಕ್ಕೇ ತಿರುಗಿತು. ಹರಿದಳದ ಗಂಧಕಕ್ಕೂ ಸೀಸಕ್ಕೂ ಆಗಿಬರಲ್ಲ ಅಲ್ವಾ, ಗೊತ್ತಿದ್ದೂ ಮರೆತಿದ್ದೆ. ಆ ಓಲೆ ಬಿಸಾಡಲು ಮನಸ್ಸು ಬರದೆ ಪುಸ್ತಕದೊಳಗೆ ಇಟ್ಟಿದ್ದೇನೆ. ಎರಡನೇ ಸಲ ಶಂಖದ ಪುಡಿಯ ಬಿಳಿ ಹಾಕಿದೆ. ಹಾಲಿನ ಹಾಗೆ ನಿಂತಿದೆ.

ಒಂಬತ್ತು ಕಣ್ಣಿಗೆ ನಾಲ್ಕು ಬೆಳಗ್ಗೆ ಹಿಡಿಯಿತು. ಅಳಿಲಿನ ಬಾಲದ ಕೂದಲಿನ ಹಳೇ ಕುಂಚ, ತುದಿಯಲ್ಲಿ ಮೂರೋ ನಾಲ್ಕೋ ಎಳೆ. ಹಣೆಗಣ್ಣು ಇಡುವಾಗ ಉಸಿರು ಹಿಡಿದು ಕೂತಿದ್ದೆ.

ಒಟ್ಟು ಹದಿನೆಂಟು ಸಾವಿರ ಖರ್ಚಾಗಿರಬಹುದು, ಲೆಕ್ಕ ಬರೆದಿಟ್ಟಿಲ್ಲ. ಹತ್ತು ಸಾವಿರಕ್ಕೆ ಕೇಳಿದವರೊಬ್ಬರಿದ್ದರು. ಕೊಡಲಿಲ್ಲ.

ಈಗ ಐವರಲ್ಲಿ ಇನ್ನೊಬ್ಬಳಾದ ಮಹಾಪ್ರತಿಸರೆಗೆ ಓಲೆ ಒಣಗುತ್ತಿದೆ. ಅವಳು ಹಳದಿ ಬಣ್ಣದವಳು, ಹರಿದಳ ಜಾಸ್ತಿ ಬೇಕು. ನೂರು ಗ್ರಾಂ ತಂದಿದ್ದೇನೆ. ಈ ಸಲ ಪದರ ನೋಡಿಯೇ ತಂದೆ.