ತಿಂಡಿ ಬೆಳಗ್ಗೆಯದು, ಕೆಲಸ ಹಿಂದಿನ ರಾತ್ರಿಯದು

ಓವನ್ನಿನಲ್ಲಿ ಬೇಯಿಸಿದ ಸಿಹಿ ತಿಂಡಿ ಅಂದರೆ ನನಗೆ ಮೊದಲಿನಿಂದಲೂ ಆಸೆ. ಎಲ್ಲರೂ ಎದ್ದು ಬರುವಷ್ಟರಲ್ಲಿ ಮನೆಯೆಲ್ಲ ಚಕ್ಕೆ, ಬೆಣ್ಣೆಯ ಘಮ ಹರಡಿರಬೇಕು. ಆದರೆ ಶುರುವಿನಲ್ಲಿ ನಾನು ಮಾಡುತ್ತಿದ್ದ ತಿಂಡಿ ಮೇಜಿಗೆ ಬರುವಾಗ ಗಂಟೆ ಹನ್ನೊಂದಾಗಿರುತ್ತಿತ್ತು. ಅಷ್ಟು ಹೊತ್ತಿಗೆ ಮಕ್ಕಳು ಬಿಸ್ಕೆಟ್ ತಿಂದು ಹೊಟ್ಟೆ ತುಂಬಿಸಿಕೊಂಡಿರುತ್ತಿದ್ದರು. ಎದ್ದ ಮೇಲೆ ಅಳೆಯುವುದು, ಕಲಸುವುದು, ಓವನ್ ಕಾಯಲು ಬಿಡುವುದು, ಆಮೇಲೆ ಬೇಯಲು ಬಿಡುವುದು. ಇಷ್ಟಕ್ಕೇ ಎರಡು ಗಂಟೆ ಹೋಗುತ್ತಿತ್ತು.

ಈಗ ನನ್ನ ಲೆಕ್ಕ ಸರಳ. ಕೈಯಿಂದ ಮಾಡುವ ಕೆಲಸ ಏನೇನಿದೆಯೋ ಎಲ್ಲ ಹಿಂದಿನ ರಾತ್ರಿ ಮುಗಿಯಬೇಕು. ಬೆಳಗ್ಗೆ ಓವನ್ ಮಾತ್ರ ಕೆಲಸ ಮಾಡಬೇಕು. ಎಲ್ಲ ತಿಂಡಿಗೂ ಇದು ಒಂದೇ ರೀತಿ ಹೊಂದುವುದಿಲ್ಲ. ಯಾವುದನ್ನು ರಾತ್ರಿ ಪೂರ್ತಿ ಕಲಸಿ ಇಡಬಹುದು, ಯಾವುದನ್ನು ಅರ್ಧಕ್ಕೆ ನಿಲ್ಲಿಸಬೇಕು ಅನ್ನುವುದನ್ನು ನಾನು ಕೆಡಿಸಿ ಕೆಡಿಸಿಯೇ ಕಲಿತೆ.

ಮೊದಲು ಕೈಗೆ ಒಲಿದದ್ದು ಬ್ರೆಡ್ಡಿನದು. ಫ್ರೆಂಚ್ ಟೋಸ್ಟ್ ಅನ್ನು ಒಂದೊಂದೇ ಕಾವಲಿಯ ಮೇಲೆ ಸುಡುವ ಬದಲು ಇಡೀ ಟ್ರೇಯಲ್ಲಿ ಒಟ್ಟಿಗೆ ಬೇಯಿಸುವುದು. 20 ಸೆಂಟಿಮೀಟರ್ ಚೌಕದ ಟ್ರೇಗೆ ನನ್ನ ಅಳತೆ ಇದು: 300 ಗ್ರಾಂ ಬ್ರೆಡ್, 4 ಮೊಟ್ಟೆ, 400 ಮಿಲಿ ಹಾಲು, 100 ಮಿಲಿ ಕ್ರೀಮ್, 50 ಗ್ರಾಂ ಸಕ್ಕರೆ, ಸ್ವಲ್ಪ ವೆನಿಲಾ, ಒಂದು ಚಿಟಿಕೆ ಉಪ್ಪು. ಉಪ್ಪನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಹಾಲು, ಮೊಟ್ಟೆಯ ರುಚಿ ಸಪ್ಪೆಯಾಗಿ ಬರೀ ಸಿಹಿ ನಾಲಿಗೆಗೆ ಹತ್ತುತ್ತದೆ.

ಮೊದಲ ಸಲ ಮೇಲ್ಭಾಗ ಚೆನ್ನಾಗಿ ಕೆಂಪಗಾಗಿತ್ತು. ಚಮಚ ಹಾಕಿದರೆ ಕೆಳಗೆ ಗಂಜಿಯ ಹಾಗೆ ನೀರು ನೀರು. ತಪ್ಪು ಬ್ರೆಡ್ಡಿನಲ್ಲಿತ್ತು. ನಾನು ಹೊಸ ಮೆತ್ತನೆ ಬ್ರೆಡ್ ಹಾಕಿದ್ದೆ. ಅದರಲ್ಲಿ ಮೊದಲೇ ನೀರಿನಂಶ ಇರುತ್ತದೆ, ಹಾಲನ್ನು ಹೀರಿಕೊಳ್ಳಲು ಜಾಗ ಇರುವುದಿಲ್ಲ. ಮುಂದಿನ ಸಲ ಎರಡು ದಿನ ಕವರಿನಲ್ಲೇ ಇಟ್ಟ ಹಳೇ ಬ್ರೆಡ್ ತೆಗೆದುಕೊಂಡೆ. ಸ್ವಲ್ಪ ವಾಸಿ ಅನ್ನಿಸಿತು, ಅಷ್ಟೇ. ಕಾರಣ ಆಮೇಲೆ ತಿಳಿಯಿತು. ಮುಚ್ಚಿಟ್ಟ ಬ್ರೆಡ್ ಗಟ್ಟಿಯಾಗುವುದು ಅದರೊಳಗಿನ ಪಿಷ್ಟ ಬಿಗಿಯಾಗುವುದರಿಂದ. ನೀರು ಅಷ್ಟಾಗಿ ಹೊರಗೆ ಹೋಗಿರುವುದಿಲ್ಲ. ಹಾಗಾಗಿ ಈಗ ತುಂಡು ಮಾಡಿ 140 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ ಒಣಗಿಸುತ್ತೇನೆ. ಬಣ್ಣ ಬರಬಾರದು, ಮುಟ್ಟಿದರೆ ಮಾತ್ರ ಒಣಗಿದ್ದು ಗೊತ್ತಾಗಬೇಕು. ಈ ಒಂದು ಹೆಜ್ಜೆಯಿಂದ ತಿಂಡಿಯೇ ಬೇರೆಯಾಯಿತು.

ತುಂಡುಗಳ ಮೇಲೆ ಹಾಲು ಮೊಟ್ಟೆ ಮಿಶ್ರಣ ಸುರಿದು, ಅಂಗೈಯಿಂದ ಮೆಲ್ಲಗೆ ಒತ್ತಿ, ಮುಚ್ಚಿ ಫ್ರಿಜ್‌ನಲ್ಲಿ ಇಡಿ. ಬೆಳಗ್ಗೆ 180 ಡಿಗ್ರಿಯಲ್ಲಿ ಮೊದಲ 25 ನಿಮಿಷ ಫಾಯಿಲ್ ಮುಚ್ಚಿ, ಆಮೇಲೆ 15ರಿಂದ 20 ನಿಮಿಷ ತೆರೆದು ಬೇಯಿಸುತ್ತೇನೆ. ಫಾಯಿಲ್ ಇದ್ದರೆ ಮೇಲೆ ಸೀಯುವ ಮೊದಲು ನಡುಭಾಗ ಬೇಯಲು ಸಮಯ ಸಿಗುತ್ತದೆ. ನನ್ನ ಹತ್ತಿರ ಚುಚ್ಚಿ ನೋಡುವ ಥರ್ಮಾಮೀಟರ್ ಇದೆ. ನಡುವಿನಲ್ಲಿ 75 ಡಿಗ್ರಿ ತೋರಿಸಿದರೆ ಹೊರಗೆ ತೆಗೆಯುತ್ತೇನೆ. 71 ದಾಟಿದರೆ ಮೊಟ್ಟೆ ತಿನ್ನಲು ಸುರಕ್ಷಿತ. ಜಾಸ್ತಿ ಹೊತ್ತು ಬಿಟ್ಟರೆ ಮೊಟ್ಟೆ ಒಡೆದು ನೀರು ಬಿಡುತ್ತದೆ, ಮತ್ತೆ ಅದೇ ಗಂಜಿ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಫ್ರಿಜ್‌ನಿಂದ ತೆಗೆದ ತಣ್ಣನೆ ಗಾಜಿನ ಟ್ರೇಯನ್ನು ನೇರವಾಗಿ ಕಾದ ಓವನ್ನಿಗೆ ಇಡಬೇಡಿ. ಗಾಜು ಒಡೆಯಬಹುದು. ರಾತ್ರಿ ಇಡುವ ತಿಂಡಿಗೆ ನಾನು ಲೋಹದ ಟ್ರೇ ಬಿಟ್ಟು ಬೇರೆ ಬಳಸುವುದಿಲ್ಲ.

ಓವನ್ ವಿಷಯ ಬಂತಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಓವನ್ 180 ಅಂತ ತೋರಿಸುವಾಗ ಒಳಗೆ ಇದ್ದದ್ದು 160. ಇದು ಗೊತ್ತಾಗುವ ತನಕ ಪ್ರತಿ ಪಾಕವಿಧಾನವನ್ನೂ ಅನುಮಾನಿಸಿದೆ. ಓವನ್ನಿನೊಳಗೆ ತೂಗುಹಾಕುವ ಒಂದು ಚಿಕ್ಕ ಥರ್ಮಾಮೀಟರ್ ತಂದ ದಿನದಿಂದ ಅರ್ಧ ತೊಂದರೆ ತಾನಾಗಿಯೇ ಹೋಯಿತು. ಹೊಸ ಟ್ರೇ, ಹೊಸ ಅಚ್ಚು ಕೊಳ್ಳುವ ಮೊದಲು ಇದನ್ನು ಕೊಳ್ಳಿ. ಜೊತೆಗೆ ಒಂದು ತಕ್ಕಡಿ. ಕಪ್ಪಿನಲ್ಲಿ ಮೈದಾ ಅಳೆದರೆ ಒತ್ತಿ ತುಂಬಿದಾಗ ಒಂದು ತೂಕ, ಸಡಿಲವಾಗಿ ತುಂಬಿದಾಗ ಇನ್ನೊಂದು ತೂಕ.

ಬೇಕ್ ಮಾಡಿದ ಓಟ್ಸ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅಷ್ಟು ಸುಲಭ. 200 ಗ್ರಾಂ ಚಪ್ಪಟೆ ಓಟ್ಸ್, 500 ಮಿಲಿ ಹಾಲು, ಒಂದು ಮೊಟ್ಟೆ, ಕಿವುಚಿದ ಎರಡು ಬಾಳೆಹಣ್ಣು, ಒಂದು ಟೀ ಚಮಚ ಬೇಕಿಂಗ್ ಪೌಡರ್, ಉಪ್ಪು, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಬಾಳೆಹಣ್ಣು ಸಿಪ್ಪೆಯೆಲ್ಲ ಕಪ್ಪು ಚುಕ್ಕೆ ಬಿದ್ದಷ್ಟು ಹಣ್ಣಾಗಿರಲಿ. ಹಣ್ಣಾಗುತ್ತಾ ಅದರ ಪಿಷ್ಟದ ಬಹುಪಾಲು ಸಕ್ಕರೆಯಾಗಿರುತ್ತದೆ, ಬೇರೆ ಸಕ್ಕರೆ ಹಾಕುವ ಅಗತ್ಯವೇ ಬೀಳುವುದಿಲ್ಲ. ಇದನ್ನು ಮಾತ್ರ ನಾನು ರಾತ್ರಿ ಕಲಸಿ ಇಡುವುದಿಲ್ಲ. ಓಟ್ಸ್ ರಾತ್ರಿಯೆಲ್ಲ ಹಾಲು ಕುಡಿದು ಮುದ್ದೆಯಾಗುತ್ತದೆ. ಒಣ ಸಾಮಾನನ್ನು ಒಂದು ಪಾತ್ರೆಯಲ್ಲಿ ಅಳೆದಿಟ್ಟು, ಹಾಲು ಮೊಟ್ಟೆಯನ್ನು ಇನ್ನೊಂದರಲ್ಲಿ ಕಲಸಿ ಫ್ರಿಜ್‌ನಲ್ಲಿ ಇಟ್ಟರೆ ಬೆಳಗ್ಗೆ ಎರಡು ನಿಮಿಷದ ಕೆಲಸ. ಬಾಳೆಹಣ್ಣು ಆಗಲೇ ಕಿವುಚಿ ಸೇರಿಸಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನ ಬಿಸಿ ಮಾಡಿ ತಿನ್ನಬಹುದು. ವಾರದ ದಿನಗಳಿಗೆ ನನ್ನ ಮನೆಯಲ್ಲಿ ಇದೇ ಗತಿ.

ಮಫಿನ್‌ಗೂ ಇದೇ ನಿಯಮ. ಒಣದ್ದು ಬೇರೆ, ಹಸಿಯದ್ದು ಬೇರೆ. ಅಡುಗೆ ಸೋಡಾ ಮೊಸರಿನ ಹುಳಿ ತಗುಲಿದ ಕೂಡಲೇ ಗಾಳಿ ಬಿಡಲು ಶುರು ಮಾಡುತ್ತದೆ. ರಾತ್ರಿಯೇ ಕಲಸಿದರೆ ಆ ಗಾಳಿಯೆಲ್ಲ ಬೆಳಗ್ಗೆಯಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ಬೆಳಗ್ಗೆ ಎರಡನ್ನೂ ಸೇರಿಸುವಾಗ ಸೌಟಿನಿಂದ ಹದಿನೈದು ಸುತ್ತು, ಅಷ್ಟೇ. ಅಲ್ಲಲ್ಲಿ ಗಂಟು ಉಳಿದರೂ ಬಿಟ್ಟುಬಿಡಿ. ನನಗೆ ನುಣ್ಣಗೆ ಕಲಸುವ ಅಭ್ಯಾಸ. ಹಾಗೆ ಕಲಸಿದಾಗಲೆಲ್ಲ ಮಫಿನ್ ರಬ್ಬರಿನ ಹಾಗಾಗಿ, ಕತ್ತರಿಸಿದರೆ ಒಳಗೆ ಉದ್ದುದ್ದ ಸುರಂಗದಂತೆ ತೂತು ಬಿದ್ದಿರುತ್ತಿತ್ತು. ಮೈದಾ ನೆನೆದ ಮೇಲೆ ಕಲಸಿದಷ್ಟೂ ಅದರ ಅಂಟು ಬಲಿಯುತ್ತದೆ. ಬನ್ನಿಗೆ ಅದು ಬೇಕು, ಮಫಿನ್‌ಗೆ ಬೇಡ.

ಮೇಲೆ ಚೆನ್ನಾಗಿ ಗುಮ್ಮಟದ ಹಾಗೆ ಉಬ್ಬಬೇಕು ಅಂದರೆ ಮೊದಲ 5 ನಿಮಿಷ 215 ಡಿಗ್ರಿಯಲ್ಲಿಟ್ಟು ಆಮೇಲೆ 180ಕ್ಕೆ ಇಳಿಸಿ. ಹೊರಗಿನ ಪದರ ಗಟ್ಟಿಯಾಗುವ ಮೊದಲೇ ಒಳಗಿನ ಹಬೆ ಜೋರಾಗಿ ಮೇಲಕ್ಕೆ ತಳ್ಳುತ್ತದೆ. ಬ್ಲೂಬೆರಿ ಹಾಕಿದಾಗ ಒಮ್ಮೆ ಹಣ್ಣಿನ ಸುತ್ತ ಹಸಿರು ಬಣ್ಣ ಬಂದಿತ್ತು. ಕೆಟ್ಟುಹೋಯಿತೇನೋ ಅಂತ ಅಷ್ಟನ್ನೂ ಎಸೆದೆ. ಆಮೇಲೆ ಗೊತ್ತಾಯಿತು, ಸೋಡಾ ಜಾಸ್ತಿಯಾದರೆ ಆ ಹಣ್ಣಿನ ನೇರಳೆ ಬಣ್ಣ ಹಸಿರಿಗೆ ತಿರುಗುತ್ತದೆ. ತಿನ್ನಲು ಏನೂ ತೊಂದರೆ ಇರಲಿಲ್ಲ. ಅಷ್ಟು ತಿಂಡಿ ಸುಮ್ನೆ ವ್ಯರ್ಥವಾಯಿತು ಅನ್ನುವ ಬೇಸರ ಈಗಲೂ ಇದೆ.

ಇನ್ನು ಚಕ್ಕೆ ರೋಲ್. ನನಗೆ ಎಲ್ಲಕ್ಕಿಂತ ಪ್ರೀತಿಯದು ಇದೇ. ಹೆಚ್ಚು ಸಲ ಸೋತಿದ್ದೂ ಇದರಲ್ಲೇ.

ನಾನು ಈಗ ಮಾಡುವುದು ಹೀಗೆ. 25 ಗ್ರಾಂ ಮೈದಾವನ್ನು 125 ಮಿಲಿ ಹಾಲಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ತಿರುವುತ್ತೇನೆ. 65 ಡಿಗ್ರಿ ಆಗುವಷ್ಟರಲ್ಲಿ ಗಟ್ಟಿ ಪೇಸ್ಟ್ ಆಗುತ್ತದೆ. ಇದಕ್ಕೆ ತಾಂಗ್‌ಜೋಂಗ್ ಅನ್ನುತ್ತಾರೆ. ಬೆಂದ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದ ರೋಲ್ ಮಾರನೇ ದಿನವೂ ಮೆತ್ತಗಿರುತ್ತದೆ. ಅದು ಆರಿದ ಮೇಲೆ 475 ಗ್ರಾಂ ಮೈದಾ, 150 ಮಿಲಿ ಉಗುರುಬೆಚ್ಚಗಿನ ಹಾಲು, ಒಂದು ಮೊಟ್ಟೆ, 60 ಗ್ರಾಂ ಸಕ್ಕರೆ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 8 ಗ್ರಾಂ ಉಪ್ಪು ಸೇರಿಸಿ ನಾದುತ್ತೇನೆ. ಹಿಟ್ಟು ಒಂದು ಹದಕ್ಕೆ ಬಂದ ಮೇಲೆ 75 ಗ್ರಾಂ ಮೆತ್ತನೆ ಬೆಣ್ಣೆ, ಸ್ವಲ್ಪ ಸ್ವಲ್ಪವಾಗಿ. ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಕೈಗೆಲ್ಲ ಅಂಟಿ ಕೆಟ್ಟೇಹೋಯಿತು ಅನ್ನಿಸುತ್ತದೆ. ಗಾಬರಿಯಾಗಿ ಇನ್ನಷ್ಟು ಮೈದಾ ಸುರಿಯಬೇಡಿ. ಹತ್ತು ನಿಮಿಷ ನಾದಿದರೆ ತಾನೇ ಕೂಡಿಕೊಂಡು ರೇಷ್ಮೆಯಂತಾಗುತ್ತದೆ. ಚಿಕ್ಕ ಉಂಡೆ ತೆಗೆದು ಎರಡೂ ಕೈಯಲ್ಲಿ ಎಳೆದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು.

ಹಾಲಿನ ಬಿಸಿ ಬಗ್ಗೆ ಅಸಡ್ಡೆ ಬೇಡ. ಒಮ್ಮೆ ಅವಸರದಲ್ಲಿ ಬಿಸಿ ಹಾಲನ್ನೇ ಹಾಕಿದೆ. ಮೂರು ಗಂಟೆ ಕಾದರೂ ಹಿಟ್ಟು ಕದಲಲಿಲ್ಲ. 60 ಡಿಗ್ರಿ ಹತ್ತಿರ ಹೋದರೆ ಯೀಸ್ಟ್ ಸತ್ತುಹೋಗುತ್ತದೆ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರಬೇಕು, ಚುರ್ ಅನ್ನಬಾರದು.

ಹಿಟ್ಟು ಎರಡರಷ್ಟಾದ ಮೇಲೆ 45ಕ್ಕೆ 30 ಸೆಂಟಿಮೀಟರ್‌ನಷ್ಟು ಲಟ್ಟಿಸಿ, 80 ಗ್ರಾಂ ಬೆಣ್ಣೆ, 120 ಗ್ರಾಂ ಬ್ರೌನ್ ಶುಗರ್, ಎರಡು ದೊಡ್ಡ ಚಮಚ ಚಕ್ಕೆ ಪುಡಿ ಕಲಸಿದ್ದನ್ನು ಹಚ್ಚುತ್ತೇನೆ. ಒಂದು ಚಮಚ ಮೈದಾ ಕೂಡ ಇದಕ್ಕೆ ಸೇರಿಸಿ, ಸಕ್ಕರೆ ಪಾಕವಾಗಿ ತಳಕ್ಕೆ ಸೋರುವುದು ತುಂಬಾ ಕಮ್ಮಿಯಾಗುತ್ತದೆ. ಚಕ್ಕೆಯನ್ನು ಹಿಟ್ಟಿಗೇ ಹಾಕಿ ನಾದಿದರೆ ಘಮ ಇನ್ನೂ ಹೆಚ್ಚಬಹುದಲ್ವಾ ಅಂತ ನಾನೂ ಮಾಡಿ ನೋಡಿದ್ದೆ. ಚಕ್ಕೆ ಯೀಸ್ಟನ್ನು ಕುಗ್ಗಿಸುತ್ತದೆ, ಹಿಟ್ಟು ಮಂಕಾಗಿ ಕೂತುಬಿಟ್ಟಿತು. ಅದರ ಜಾಗ ಒಳಗಿನ ಹೂರಣದಲ್ಲೇ. ಸುರುಳಿ ಸುತ್ತಿ ಚಾಕುವಿನಿಂದ ಒತ್ತಿದರೆ ಅಪ್ಪಚ್ಚಿಯಾಗುತ್ತದೆ. ಒಂದು ಗಟ್ಟಿ ದಾರವನ್ನು ಕೆಳಗೆ ತೂರಿಸಿ, ಮೇಲೆ ಎರಡೂ ತುದಿಯನ್ನು ಅಡ್ಡಹಾಯಿಸಿ ಎಳೆಯಿರಿ. ದುಂಡಗೆ ಹನ್ನೆರಡು ತುಂಡು ಬರುತ್ತವೆ. ಟ್ರೇಯಲ್ಲಿ ನಡುವೆ ಸ್ವಲ್ಪ ಜಾಗ ಬಿಟ್ಟು ಜೋಡಿಸಿ, ಮುಚ್ಚಿ, ಫ್ರಿಜ್‌ಗೆ.

ಇಲ್ಲಿಗೆ ರಾತ್ರಿಯ ಕೆಲಸ ಮುಗಿಯಿತು. ಫ್ರಿಜ್‌ನ ಚಳಿಯಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. 8ರಿಂದ 12 ಗಂಟೆ ಹಾಗೆ ಕೂತ ಹಿಟ್ಟಿಗೆ ಒಂದು ಆಳವಾದ ರುಚಿ ಬರುತ್ತದೆ. ಅದೇ ದಿನ ಮಾಡಿ ಅದೇ ದಿನ ಬೇಯಿಸಿದ ರೋಲ್‌ನಲ್ಲಿ ನನಗೆ ಅದು ಸಿಕ್ಕಿಲ್ಲ. ಅಂದರೆ ರಾತ್ರಿ ಇಡುವುದು ಬರೀ ಅನುಕೂಲಕ್ಕೆ ಅಂದುಕೊಂಡಿದ್ದ ನನಗೆ ರುಚಿಯೂ ಜೊತೆಗೆ ಬಂತು.

ಬೆಳಗ್ಗೆ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಟ್ರೇಯನ್ನು ಫ್ರಿಜ್‌ನಿಂದ ನೇರ ಓವನ್ನಿಗೆ ಹಾಕಿದ್ದು. ಅಂಚೆಲ್ಲ ಒಣಗಿ ನಡುವಿನವು ಹಸಿಯಾಗಿ ಉಳಿದವು. ಈಗ ಮೊದಲು ಎದ್ದವರು ಟ್ರೇ ಹೊರಗಿಡಬೇಕು ಅನ್ನುವುದು ಮನೆಯ ನಿಯಮ. ಒಂದು ಗಂಟೆ ಬೇಕು, ಚಳಿಯಿದ್ದರೆ ಒಂದೂವರೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗುಳಿ ನಿಧಾನವಾಗಿ ತುಂಬಿಕೊಳ್ಳಬೇಕು. ಥಟ್ಟನೆ ಮೇಲೆ ಬಂದರೆ ಇನ್ನೂ ಕಾಯಿರಿ. ಬೇಗ ಉಬ್ಬಲಿ ಅಂತ ಜಾಸ್ತಿ ಬಿಸಿ ಇರುವ ಕಡೆ ಇಡಬೇಡಿ, ಬೆಣ್ಣೆಯೆಲ್ಲ ಕರಗಿ ಹೊರಗೆ ಬರುತ್ತದೆ. 180 ಡಿಗ್ರಿಯಲ್ಲಿ ಸುಮಾರು 25 ನಿಮಿಷ, ನಡುವಿನ ರೋಲ್ ಒಳಗೆ 88 ಡಿಗ್ರಿ ಮುಟ್ಟಿದರೆ ಆಯಿತು. ಕ್ರೀಮ್ ಚೀಸ್‌ಗೆ ಪುಡಿ ಸಕ್ಕರೆ ಕಲಸಿ, ಅರ್ಧವನ್ನು ಬಿಸಿಯಿರುವಾಗಲೇ ಸವರಿ. ಅದು ಸಂದಿಗಳಿಗೆ ಇಳಿಯುತ್ತದೆ. ಉಳಿದರ್ಧ ಆರಿದ ಮೇಲೆ.

ಸಕ್ಕರೆ ಕಮ್ಮಿ ಮಾಡಬಹುದಾ ಅಂತ ಕೇಳುವವರು ಬಹಳ. ಬ್ರೆಡ್ ಟ್ರೇಯಲ್ಲಿ ಎಷ್ಟು ಬೇಕಾದರೂ ಇಳಿಸಿ, ಹದ ಕೆಡುವುದಿಲ್ಲ. ಮಫಿನ್‌ನಲ್ಲಿ ಮಾತ್ರ ನಾನು ಕಾಲು ಭಾಗಕ್ಕಿಂತ ಹೆಚ್ಚು ಇಳಿಸುವುದಿಲ್ಲ. ಅಲ್ಲಿ ಸಕ್ಕರೆ ಸಿಹಿಯ ಜೊತೆಗೆ ತೇವವನ್ನೂ ಹಿಡಿದಿಡುತ್ತದೆ, ತೆಗೆದರೆ ಒಣಗಿ ಪುಡಿಪುಡಿಯಾಗುತ್ತದೆ.

ರಾತ್ರಿ ಏನೂ ಮಾಡಿಟ್ಟಿಲ್ಲ, ಆದರೂ ಬೆಳಗ್ಗೆ ಆಸೆಯಾಯಿತು ಅಂದರೆ ಡಚ್ ಬೇಬಿ ಇದೆ, ಓವನ್ನಿನಲ್ಲಿ ಉಬ್ಬುವ ದೊಡ್ಡ ಪ್ಯಾನ್‌ಕೇಕ್. 3 ಮೊಟ್ಟೆ, 120 ಮಿಲಿ ಹಾಲು, 65 ಗ್ರಾಂ ಮೈದಾ, ಒಂದು ಚಮಚ ಸಕ್ಕರೆ, ಉಪ್ಪು. ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ. ಕಬ್ಬಿಣದ ಬಾಣಲೆಯನ್ನು 220 ಡಿಗ್ರಿ ಓವನ್ನಿನಲ್ಲಿ ಚೆನ್ನಾಗಿ ಕಾಯಿಸಿ, 30 ಗ್ರಾಂ ಬೆಣ್ಣೆ ಹಾಕಿ, ಅದು ನೊರೆ ಬರುವಾಗ ಹಿಟ್ಟು ಸುರಿಯಿರಿ. ಸೋಡಾ ಇಲ್ಲ, ಯೀಸ್ಟ್ ಇಲ್ಲ. ಬರೀ ಹಬೆಯ ಬಲಕ್ಕೆ ಅಂಚು ಬಾಣಲೆಗಿಂತ ಎತ್ತರ ಏಳುತ್ತದೆ. ಬಾಣಲೆ ಸಾಕಷ್ಟು ಕಾದಿರದಿದ್ದರೆ ಏಳುವುದಿಲ್ಲ, ಮಧ್ಯೆ ಬಾಗಿಲು ತೆರೆದರೂ ಕುಸಿಯುತ್ತದೆ. 18ರಿಂದ 20 ನಿಮಿಷ ಗಾಜಿನ ಮೂಲಕವೇ ನೋಡಿ. ಹೊರಗೆ ತೆಗೆದ ಒಂದೆರಡು ನಿಮಿಷಕ್ಕೆ ಅದು ಇಳಿದೇ ಇಳಿಯುತ್ತದೆ, ಅದರ ಗುಣವೇ ಹಾಗೆ. ನಿಂಬೆರಸ, ಪುಡಿ ಸಕ್ಕರೆ ಮೊದಲೇ ಮೇಜಿನ ಮೇಲಿರಲಿ. ಎಲ್ಲರೂ ಬಂದು ಕೂತ ಮೇಲೇ ಓವನ್ ಬಾಗಿಲು ತೆಗೆಯಿರಿ.