ಪುಣೆಯಿಂದ ಅಮೆರಿಕದ ಮತ: ಅರ್ಜಿ ಹಾಕಿಸುವ ಬಗೆ

ಅಮೆರಿಕದಲ್ಲಿ ಹುಟ್ಟಿ, ಈಗ ಅಪ್ಪ-ಅಮ್ಮನ ಜೊತೆ ಪುಣೆಯ ಕೋಥ್ರೂಡ್, ಹಿಂಜವಡಿಯಲ್ಲಿರುವ ಕನ್ನಡದ ಮಕ್ಕಳನ್ನು ಮೊದಲು ಹುಡುಕಿ. ಪೌರತ್ವವಿದ್ದು 18 ತುಂಬಿದ್ದರೆ ಮತದ ಹಕ್ಕಿದೆ; ಬರೀ ಗ್ರೀನ್ ಕಾರ್ಡ್ ಸಾಲದು.

ಜನವರಿಯಲ್ಲೇ ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಶನ್ (ಹೊರದೇಶದಿಂದ ಮತದಾರರಾಗಿ ಹೆಸರು ನೋಂದಾಯಿಸಿ ಮತಪತ್ರ ಕೇಳುವ ಅರ್ಜಿ) ತುಂಬಿಸಿ. ಇದನ್ನು ಪ್ರತಿವರ್ಷ ಹೊಸದಾಗಿ ಕಳಿಸಬೇಕು. ಹೋದ ವರ್ಷದ್ದೇ ಸಾಕು ಅಂತ ಸುಮ್ಮನಿದ್ದರೆ ಮತಪತ್ರ ಬಾರದೇ ಹೋಗಬಹುದು. ಹೆಚ್ಚು ಜನ ಎಡವುವುದು ವಿಳಾಸದಲ್ಲಿ. ಮತದಾರರ ವಿಳಾಸದ ಜಾಗದಲ್ಲಿ ಪುಣೆಯದ್ದು ಬೇಡ, ಅಮೆರಿಕದಲ್ಲಿ ಕೊನೆಗೆ ವಾಸವಿದ್ದ ಮನೆಯದ್ದನ್ನು ಅಪಾರ್ಟ್‌ಮೆಂಟ್ ನಂಬರ್ ಸಮೇತ ಬರೆಯಿರಿ. ಕ್ಷೇತ್ರ ನಿರ್ಧಾರವಾಗುವುದೇ ಅದರಿಂದ. ನೆನಪಿಲ್ಲದಿದ್ದರೆ ಅಪ್ಪನ ಹಳೇ ಟ್ಯಾಕ್ಸ್ ಕಾಗದ ತೆಗೆಸಿ ನೋಡಿ.

ಮತಪತ್ರ ಇ-ಮೇಲ್‌ನಲ್ಲಿ ಕೇಳಿ. ಚುನಾವಣೆಗೆ 45 ದಿನ ಮೊದಲೇ ಕಳಿಸುತ್ತಾರೆ. ವಾಪಸ್ ಮಾತ್ರ ಕೆಲವು ರಾಜ್ಯಗಳಿಗೆ ಅಂಚೆಯಲ್ಲೇ ಹೋಗಬೇಕು. ಮತಪತ್ರ ಸಮಯಕ್ಕೆ ಬರದಿದ್ದರೆ ಕಾಯುತ್ತ ಕೂರದೆ ಫೆಡರಲ್ ರೈಟ್-ಇನ್ ಮತಪತ್ರ (ಅಭ್ಯರ್ಥಿಯ ಹೆಸರನ್ನು ನಾವೇ ಬರೆಯುವ ಬದಲಿ ಮತಪತ್ರ) ಇಳಿಸಿಕೊಂಡು ತುಂಬಿ ಕಳಿಸಿ.