ವೃದ್ಧ ರೋಗಿಗಳ ದೇಹಕ್ಷೀಣತೆಯನ್ನು ವಾರ್ಡಿನಲ್ಲಿ ಅಳೆದ ಬಗೆ: ನನ್ನ ಅನುಭವ

ನಾನು ಕೆಲಸ ಮಾಡುವ ಮೆಡಿಸಿನ್ ವಾರ್ಡಿನಲ್ಲಿ ದಾಖಲಾಗುವ ಪ್ರತಿಯೊಬ್ಬರ ಬೀಳುವ ಅಪಾಯವನ್ನೂ ಮೋರ್ಸ್ ಮಾಪಕದಿಂದ ಅಳೆದು ಕೇಸ್ ಶೀಟಿನಲ್ಲಿ ಬರೆಯುವ ರೂಢಿ ಮೊದಲಿನಿಂದಲೂ ಇತ್ತು. ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕೆ ವಿಷಯ ಹುಡುಕುತ್ತ ಹಳೆಯ ಕೇಸ್ ಶೀಟುಗಳನ್ನು ತಿರುವಿಹಾಕಿದಾಗ, ವಯಸ್ಸಾದವರಲ್ಲಿ ಬಹುತೇಕ ಎಲ್ಲರೂ ಅಪಾಯದ ಪಟ್ಟಿಯಲ್ಲೇ ಇರುವುದು ಕಂಡಿತು. ಕಾರಣ ಲೆಕ್ಕದಲ್ಲೇ ಇದೆ: ಡ್ರಿಪ್ಸ್ ಇದ್ದರೆ 20 ಅಂಕ, ಒಂದಕ್ಕಿಂತ ಹೆಚ್ಚು ಕಾಯಿಲೆಯಿದ್ದರೆ 15 ಅಂಕ. ಹೀಗಾಗಿ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದು ಡ್ರಿಪ್ಸ್ ಹಾಕಿಸಿಕೊಂಡವರು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರೂ 35ಕ್ಕೆ ಮುಟ್ಟುತ್ತಾರೆ. ನಮ್ಮ ವಾರ್ಡಿನಲ್ಲಿ ಎಚ್ಚರಿಕೆ ಶುರುವಾಗುವುದು 25ರಿಂದ. ರಾತ್ರಿ ಡ್ಯೂಟಿಯಲ್ಲಿ ಇಬ್ಬರೇ ಇರುವಾಗ ಯಾರ ಮಂಚದ ಬಳಿ ಮೊದಲು ಹೋಗಬೇಕೆಂಬುದನ್ನು ಆ ಅಂಕ ತಿಳಿಸುತ್ತಿರಲಿಲ್ಲ.

ಅದರ ಜೊತೆಗೆ ದೇಹಕ್ಷೀಣತೆಯನ್ನೂ, ಅಂದರೆ ವಯಸ್ಸಾದಂತೆ ಶಕ್ತಿಯೂ ತಾಳಿಕೆಯೂ ಕುಂದುವ ಫ್ರೈಲ್ಟಿಯನ್ನೂ, ಅಳೆದು ನೋಡೋಣವೆಂದು ನಿರ್ಧರಿಸಿದೆ. ಲಿಂಡಾ ಫ್ರೈಡ್ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಐದು ಲಕ್ಷಣಗಳ ವಿಧಾನಕ್ಕೆ ಕೈಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಅಳೆಯಬೇಕು. ಜ್ವರದಲ್ಲಿ ಏದುಸಿರು ಬಿಡುತ್ತಿರುವವರನ್ನು ನಡೆಸುವುದು ಹೇಗೆ? ಆದ್ದರಿಂದ ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ, ಈಗ 1ರಿಂದ (ತೀರಾ ಗಟ್ಟಿಮುಟ್ಟು) 9ರವರೆಗೆ (ಸಾವಿನ ಸಮೀಪ) ಹಂತಗಳಿರುವ ಕ್ಲಿನಿಕಲ್ ಫ್ರೈಲ್ಟಿ ಸ್ಕೇಲನ್ನು ಆಯ್ದುಕೊಂಡೆ. ರೋಗಿ ಇಂದು ಮಂಚದ ಮೇಲೆ ಹೇಗಿದ್ದಾರೆ ಎಂಬುದನ್ನು ಬದಿಗಿಟ್ಟು, ಕಾಯಿಲೆ ಬೀಳುವ ಮೊದಲು, ಸುಮಾರು ಎರಡು ವಾರದ ಹಿಂದೆ, ಹೇಗಿದ್ದರೆಂದು ಅದು ಕೇಳುತ್ತದೆ. ಅರವತ್ತೈದು ದಾಟಿದವರಿಗಾಗಿ ರೂಪಿಸಿದ ಮಾಪಕವಾದ್ದರಿಂದ, ನಮ್ಮಲ್ಲಿ ಹಿರಿಯ ನಾಗರಿಕರೆಂದರೆ ಅರವತ್ತು ದಾಟಿದವರಾದರೂ, ನಾನು 65 ವರ್ಷ ಮೇಲ್ಪಟ್ಟವರನ್ನು ಮಾತ್ರ ಸೇರಿಸಿಕೊಂಡೆ.

ನೈತಿಕ ಸಮಿತಿಯ ಅನುಮತಿ, ಒಪ್ಪಿಗೆ ಪತ್ರ, ಓದುಬರಹ ಬಾರದವರ ಹೆಬ್ಬೆಟ್ಟಿಗೆ ಸಾಕ್ಷಿ ಇವೆಲ್ಲ ನಿಯಮದಂತೆ ನಡೆದವು. ನಿಜವಾದ ಕಷ್ಟ ಎದುರಾದದ್ದು ಪ್ರಶ್ನೆ ಕೇಳುವಾಗ. ಮಾಪಕದ 5ನೇ ಹಂತವನ್ನು ಗುರುತಿಸಲು ಹಣಕಾಸು, ಔಷಧಿ, ಮನೆಯ ಭಾರದ ಕೆಲಸಗಳಲ್ಲಿ ನೆರವು ಬೇಕಾಗಿತ್ತೇ ಎಂದು ನೋಡಬೇಕು. ಆದರೆ ಕೂಡುಕುಟುಂಬದ ಅಜ್ಜನೊಬ್ಬ ಜನ್ಮದಲ್ಲಿ ಅಡುಗೆಮನೆಗೆ ಕಾಲಿಟ್ಟಿರುವುದಿಲ್ಲ. ಅಜ್ಜಿಗೆ ಸೊಸೆಯೇ ಮಾತ್ರೆ ಕೊಡುತ್ತಾಳೆ, ಬ್ಯಾಂಕಿಗೆ ಮಗ ಹೋಗುತ್ತಾನೆ. ಇವರು ಆ ಕೆಲಸ ಮಾಡಲಾರದವರೋ, ಮಾಡುವ ಪ್ರಸಂಗವೇ ಬಾರದವರೋ? ಇದನ್ನು ಬೇರ್ಪಡಿಸದೆ ಅಂಕ ಕೊಟ್ಟರೆ ಅಕ್ಕರೆಯ ಮನೆಯ ಗಟ್ಟಿಮುಟ್ಟಾದ ಹಿರಿಯರೂ ಕ್ಷೀಣರಾಗಿ ತೋರುತ್ತಾರೆ. ಅದಕ್ಕಾಗಿ ಪ್ರಶ್ನೆಗಳನ್ನು ದಿನನಿತ್ಯದ ಚಲನೆಗೆ ಇಳಿಸಿದೆ: ನೆಲದ ಮೇಲೆ ಕೂತವರು ಕೈ ಊರದೆ ಏಳುತ್ತಿದ್ದರೇ, ಬಚ್ಚಲಿನಲ್ಲಿ ತಂಬಿಗೆಯೆತ್ತಿ ತಾವೇ ನೀರು ಹುಯ್ದುಕೊಳ್ಳುತ್ತಿದ್ದರೇ, ಬೀದಿಯ ಅಂಗಡಿಯವರೆಗೆ ಒಬ್ಬರೇ ಹೋಗಿ ಬರುತ್ತಿದ್ದರೇ. ಉತ್ತರ ಯಾರಿಂದ ಬರುತ್ತದೆ ಎಂಬುದೂ ಮುಖ್ಯ. ಹಗಲು ಜೊತೆಗಿರುವ ಮಗನಿಗಿಂತ ಮನೆಯಲ್ಲಿರುವ ಸೊಸೆಗೆ ಫೋನ್ ಮಾಡಿ ಕೇಳಿದಾಗ ಸಿಗುತ್ತಿದ್ದ ಚಿತ್ರ ಎಷ್ಟೋ ಸಲ ಬೇರೆಯೇ ಆಗಿರುತ್ತಿತ್ತು. ನನ್ನ ಮಟ್ಟಿಗೆ ಈ ಅಧ್ಯಯನದ ಅತ್ಯಂತ ಉಪಯುಕ್ತ ಭಾಗ ಆ ಫೋನ್ ಕರೆಗಳೇ.

ವಾರ್ಡಿನಲ್ಲಿರುವಾಗ ಆಗುವ ಅವಘಡಗಳನ್ನು, ಅಂದರೆ ಬೀಳುವುದು, ಒತ್ತುಹುಣ್ಣು (ಒಂದೇ ಭಂಗಿಯಲ್ಲಿ ಮಲಗಿ ಚರ್ಮಕ್ಕಾಗುವ ಹುಣ್ಣು), ಡಿಲೀರಿಯಂ (ದಿಢೀರನೆ ಬರುವ ಮನಸ್ಸಿನ ಗೊಂದಲ) ಇವನ್ನು, ಎಣಿಸಲು ಘಟನಾ ವರದಿಗಳನ್ನಷ್ಟೇ ನಂಬಲಿಲ್ಲ. ಬಯ್ಗುಳಕ್ಕೆ ಹೆದರಿ ಬರೆಯದೆ ಬಿಟ್ಟವು ಇದ್ದೇ ಇರುತ್ತವೆ. ಪ್ರತಿ ಪಾಳಿ ಬದಲಾಗುವಾಗ ಸಿಸ್ಟರ್‌ಗಳನ್ನೂ ಜೊತೆಗಿರುವವರನ್ನೂ ಕೇಳುತ್ತಿದ್ದೆ. ಮಂಚದಿಂದ ಮೆಲ್ಲನೆ ಜಾರಿ ನೆಲಕ್ಕೆ ಕೂತದ್ದೂ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ ಬಿದ್ದದ್ದೇ, ಪೆಟ್ಟಾಗಿರಬೇಕೆಂದಿಲ್ಲ. ಒತ್ತುಹುಣ್ಣಿನ ಮೊದಲ ಹಂತದಲ್ಲಿ ಬೆರಳಿನಿಂದ ಒತ್ತಿದರೂ ಮಾಸದ ಕೆಂಪನ್ನು ಹುಡುಕಬೇಕೆಂದು ಕಲಿತಿದ್ದೇವೆ. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ, ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆವು. ಡಿಲೀರಿಯಂ ಪತ್ತೆಗೆ ಹುಟ್ಟಿದ ದಿನಾಂಕ ಕೇಳುವ ಪರೀಕ್ಷೆಗಳು, ಅದನ್ನು ಎಂದೂ ಅರಿಯದ ತಲೆಮಾರಿನವರ ಮೇಲೆ ಅನ್ಯಾಯದ ಅಂಕ ಹಾಕುತ್ತವೆ; "ನಿನ್ನೆಗಿಂತ ಇವತ್ತು ಅಮ್ಮ ಬೇರೆ ಥರ ಇದ್ದಾರಾ?" ಎಂಬ ಒಂದೇ ಪ್ರಶ್ನೆಯಿಂದ ಶುರುಮಾಡಿ, ಹೌದೆಂದರೆ ಮುಂದಿನ ತಪಾಸಣೆ ಮಾಡುತ್ತಿದ್ದೆವು.

ಒಂದೇ ವಾರ್ಡಿನ ಸಣ್ಣ ಅಧ್ಯಯನವಾದ್ದರಿಂದ ದೊಡ್ಡ ತೀರ್ಮಾನಕ್ಕೆ ಆಸ್ಪದವಿಲ್ಲ. ಆದರೂ ಬಿದ್ದವರಲ್ಲಿಯೂ ಗೊಂದಲಕ್ಕೀಡಾದವರಲ್ಲಿಯೂ ಹೆಚ್ಚಿನವರು 5 ಮತ್ತು 6ನೇ ಹಂತದವರು, ಅಂದರೆ ಅಲ್ಪ ಇಲ್ಲವೇ ಮಧ್ಯಮ ಕ್ಷೀಣತೆಯವರು, ಆಗಿದ್ದರು. ಪೂರ್ತಿ ಹಾಸಿಗೆ ಹಿಡಿದವರಿಗೆ ಎದ್ದು ಬೀಳುವ ಅವಕಾಶವೇ ಕಡಿಮೆ. ಅವರ ಪಾಡು ಒತ್ತುಹುಣ್ಣು. ಬಿದ್ದ ಹೊತ್ತು ಬಹುಮಟ್ಟಿಗೆ ನಡುರಾತ್ರಿ, ಶೌಚಾಲಯಕ್ಕೆ ಹೊರಟಾಗ, ಕೆಳಗೆ ಚಾಪೆ ಹಾಸಿ ಮಲಗಿದ ಮಗಳನ್ನು ಎಬ್ಬಿಸಬಾರದೆಂದು ದಾಟಿಕೊಂಡು ಹೋಗುವಾಗ.

ಈಗ ಪಾಳಿ ಬದಲಾಗುವಾಗಿನ ಹ್ಯಾಂಡ್ ಓವರಿನಲ್ಲಿ ದೇಹಕ್ಷೀಣತೆಯ ಅಂಕವನ್ನೂ ಹೇಳುತ್ತೇವೆ. 5 ಅಥವಾ 6 ಇರುವವರನ್ನು ನರ್ಸ್ ಮೇಜಿಗೂ ಶೌಚಾಲಯಕ್ಕೂ ಹತ್ತಿರದ ಮಂಚಕ್ಕೆ ಕಳಿಸಿ, ಮಲಗುವ ಮುಂಚೆ ಒಮ್ಮೆ ಶೌಚಕ್ಕೆ ಕರೆದೊಯ್ಯುತ್ತೇವೆ. ಎದ್ದುನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ವೈದ್ಯರಿಗೆ ತಿಳಿಸುತ್ತೇವೆ. ಮೂತ್ರ ಹೆಚ್ಚಿಸುವ ಮಾತ್ರೆಯ ಸಂಜೆಯ ಡೋಸನ್ನು ಮಧ್ಯಾಹ್ನಕ್ಕೆ ಬದಲಿಸಬಹುದೇ ಎಂದು ರೌಂಡ್ಸಿನಲ್ಲೇ ಕೇಳುತ್ತೇವೆ. ಜೊತೆಗಿರುವವರ ಚಾಪೆಯನ್ನು ಮಂಚದ ತಲೆಭಾಗಕ್ಕೆ ಸರಿಸಲು ಹೇಳುವುದೂ ಸಂಜೆಯ ಕೆಲಸಗಳ ಪಟ್ಟಿಯಲ್ಲಿ ಸೇರಿದೆ.